ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಹೆಸರು

ನನ್ನ ನೋಟ್‌ಬುಕ್ಕಿನಲ್ಲಿ ಆ ಸೋಮವಾರಕ್ಕೆ ನಾಲ್ಕೇ ಸಾಲು. ನೆಲೋಗಿಯಿಂದ ಬಸ್ಸು ಏಳೂ ಹತ್ತಕ್ಕೆ. ಕಲಬುರಗಿಯ ಕಚೇರಿಗೆ ಹತ್ತೂವರೆಗೆ. ಸಾಲಿನಲ್ಲಿ ನನ್ನ ಮುಂದೆ ಹನ್ನೊಂದು ಜನ. ನನ್ನ ಹೆಸರಿಲ್ಲ.

ನರ್ಸಿಂಗ್ ಪದವಿಗೆ ಅರ್ಜಿ ಹಾಕಲು ಆಗ ಹದಿನೆಂಟು ದಿನ ಉಳಿದಿದ್ದವು. ಆ ಕಾಲೇಜಿನಲ್ಲಿ ಸೈನಿಕರ ಮಕ್ಕಳಿಗೆಂದು ಎರಡು ಸೀಟು ತೆಗೆದಿಡುತ್ತಾರೆ, ಜೊತೆಗೆ ಹಾಸ್ಟೆಲ್ಲೂ ಸಿಗುತ್ತದೆ. ನನ್ನ ಅಂಕಗಳಿಗೆ ಬೇರೆ ದಾರಿಯಲ್ಲಿ ಸೀಟು ಸಿಗದೆಂದು ಲೆಕ್ಕ ಹಾಕಿಯೇ ಹೊರಟಿದ್ದೆ. ಅಪ್ಪ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಈಗ ಜೇವರ್ಗಿಯ ಬ್ಯಾಂಕೊಂದರಲ್ಲಿ ಗಾರ್ಡ್. ನನಗೆ ಬೇಕಿದ್ದದ್ದು ಇವಳು ಇವರ ಮಗಳು ಎಂದು ಹೇಳುವ ಒಂದು ಹಾಳೆ ಮಾತ್ರ.

ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತರೂ ಮಾಜಿ ಸೈನಿಕರೇ. ನಿವೃತ್ತಿಯಾಗುವಾಗ ಸೈನ್ಯದವರು ಅಪ್ಪನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ ತೆರೆದು ಕುಟುಂಬದ ಪುಟಕ್ಕೆ ಬಂದರು. ಹೆಂಡತಿ ಎಂದು ಅವ್ವನ ಹೆಸರಿತ್ತು. ಮಗ ಎಂದು ಅಣ್ಣನ ಹೆಸರಿತ್ತು. ಅದರ ಕೆಳಗೆ ಖಾಲಿ ಗೆರೆಗಳು. ಪುಟ ತಪ್ಪಿರಬೇಕೆಂದು ನಾನೇ ಹಿಂದೆ ಮುಂದೆ ತಿರುವಿ ನೋಡಿದೆ.

"ನಿಮ್ಮಪ್ಪ ನಿನ್ನ ಹೆಸರು ಬರೆಸೇ ಇಲ್ಲವ್ವಾ," ಎಂದರು ಅವರು. ಅಪ್ಪ ಸ್ವತಃ ಬಂದು ಅಫಿಡವಿಟ್ ಕೊಟ್ಟರೆ ಸೈನ್ಯದ ರೆಕಾರ್ಡ್ ಆಫೀಸಿಗೆ ಕಳಿಸುತ್ತೇವೆ, ಹೆಸರು ಸೇರಿಸಿದ ಆದೇಶ ಬರಲು ಎರಡು ವಾರ ಹಿಡಿಯುತ್ತದೆ ಎಂದೂ ಹೇಳಿದರು. ಬಸ್ಸಿನಲ್ಲೇ ಎಣಿಸಿದೆ. ಮಾರನೆಯ ದಿನವೇ ಹೋದರೆ ಮೂರು ದಿನ ಕೈಯಲ್ಲಿ ಉಳಿಯುತ್ತಿದ್ದವು.

ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದು ರೊಟ್ಟಿಗೆ ಕುಳಿತಾಗ ಕೇಳಿದೆ. ಅವರು ಮುಚ್ಚಿಡಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು.

"ಹೆಣ್ಣುಮಗಳು, ನಾಳೆ ಹೋದ ಮನ್ಯಾಗ ಹೆಸರು ಬರೀತಾರ. ಎರಡೂ ಕಡೆ ಯಾಕಂತ ಬಿಟ್ಟಿದ್ದೆ."

ರೇಷನ್ ಕಾರ್ಡಿನಿಂದ ಮದುವೆಯಾದ ಮಗಳ ಹೆಸರು ತೆಗೆಸುವುದನ್ನು ನೋಡಿ ಬೆಳೆದವರು ಅವರು. ನಾನು ತೊಟ್ಟಿಲಲ್ಲಿದ್ದಾಗಲೇ ಆ ತೆಗೆಸುವ ಕೆಲಸ ಮುಗಿಸಿಬಿಟ್ಟಿದ್ದರು. ಇದೇ ಅಪ್ಪ ಆಗಸ್ಟ್ ಹದಿನೈದಕ್ಕೆ ನಮ್ಮ ಹೈಸ್ಕೂಲಿಗೆ ಅತಿಥಿಯಾಗಿ ಬಂದು, ಎದೆಯ ಮೇಲೆ ಪದಕ ಹಚ್ಚಿಕೊಂಡು, ಹೆಣ್ಣುಮಕ್ಕಳು ಓದಬೇಕು ಎಂದು ಭಾಷಣ ಮಾಡುತ್ತಿದ್ದರು. ಮೂರು ವರ್ಷ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವಳು ನಾನು.

ಅಣ್ಣ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಜೇವರ್ಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಬಾಗಿಲಲ್ಲಿ ನಿಂತು ನಕ್ಕ. "ನಾ ಬುಕ್ಕಿನ್ಯಾಗ ಅದೀನಿ, ಕಾಲೇಜಿನ್ಯಾಗ ಇಲ್ಲ. ನೀ ಕಾಲೇಜಿಗೆ ಹೋಗಾಕಿ, ಬುಕ್ಕಿನ್ಯಾಗ ಇಲ್ಲ. ಮಿಲಿಟ್ರಿ ಲೆಕ್ಕ ಭಾರಿ ಅದ ನೋಡ್ ಬೇ." ನನಗೆ ನಗು ಬರಲಿಲ್ಲ.

ನನ್ನ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅಪ್ಪನ ಕಾರಣಗಳಿವೆ. ಮಂಗಳವಾರ ಡ್ಯೂಟಿ. ಬುಧವಾರ ಯಾರದೋ ಸೀಮಂತ. ಗುರುವಾರ ಮತ್ತೆ ಡ್ಯೂಟಿ, ಶುಕ್ರವಾರ ಮೊಣಕಾಲು ನೋವು. ಶನಿವಾರ, ಭಾನುವಾರ ಕಚೇರಿ ರಜೆ. ಸೋಮವಾರ ಅಮಾವಾಸ್ಯೆ, ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಲೇಬೇಕು. ಏಳು ದಿನ. ಕಚೇರಿಯಲ್ಲಿರುವವರೆಲ್ಲ ಅವರ ಪರಿಚಯದವರು. ಮಗಳಿದ್ದಾಳೆಂದು ಇಷ್ಟು ವರ್ಷಗಳ ಮೇಲೆ ಅವರ ಮುಂದೆ ಬರೆದುಕೊಡಲು ನಾಚಿಕೆ. ಗಡಿಯಲ್ಲಿ ನಿಂತು ಬಂದ ಮನುಷ್ಯ ಒಂದು ಮೇಜಿನ ಮುಂದೆ ನಿಲ್ಲಲು ಹೆದರಿದರು. ಹಾಗೆಂದೇ ಬರೆದಿಟ್ಟಿದ್ದೇನೆ, ಅಳಿಸಿಲ್ಲ.

ಘತ್ತರಗಿಯಿಂದ ಮರಳಿದ ಸಂಜೆ ಅವ್ವ ಬಾಯಿಬಿಟ್ಟಳು. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಸ್ವಾಮಿಗೋಳು ಬಂದು ಇಬ್ಬರು ಕೂಸಿಗೂ ಲಿಂಗ ಕಟ್ಟಿದ್ರು. ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. ನೀವು ಅವರಿಗಿಂತ ದೊಡ್ಡವ್ರೇನ್ರಿ?"

ಮಂಗಳವಾರ ಅಪ್ಪ ನನ್ನೊಂದಿಗೆ ಕಲಬುರಗಿಗೆ ಬಂದರು. ಅಫಿಡವಿಟ್ ಟೈಪಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದ ಮಾಜಿ ಸೈನಿಕರನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ಆರು ಜನ. ನಾಲ್ವರಿಗೆ ಹೆಣ್ಣುಮಕ್ಕಳಿದ್ದರು, ಹೆಸರು ಬರೆಸಿದ್ದವರು ಒಬ್ಬರೇ, ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿನವರು. ಅಫಜಲಪುರ ಕಡೆಯ ಇನ್ನೊಬ್ಬರು, ಮಗಳಿನ್ನೂ ಏಳನೇ ತರಗತಿ, ಈಗೇನು ಅವಸರ ಎಂದರು.

ಆಗ ಅಪ್ಪ ಎದ್ದು ನಿಂತರು. "ನನಗೂ ಅವಸರ ಇರಲಿಲ್ರಿ. ಈಗ ಈ ಹುಡುಗಿ ದಿನ ಎಣಸಾಕತ್ತಾಳ. ಇವತ್ತ ಬರಸ್ರಿ."

ಆ ಮನುಷ್ಯ ಅರ್ಜಿ ನಮೂನೆ ಇಸಿದುಕೊಂಡರು. ಅವರ ಮಗಳಿಗಾಗಿ ನನಗೆ ಸಂತೋಷವಾಯಿತು. ಅಪ್ಪನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಈ ಧೈರ್ಯ ಒಂದು ವಾರ ಮೊದಲೇ ಬಂದಿದ್ದರೆ ಏನಾಗುತ್ತಿತ್ತು?

ಅರ್ಜಿಯ ಕೊನೆಯ ದಿನ ಶುಕ್ರವಾರ. ಆದೇಶ ಬಂದದ್ದು ಅದರ ಮುಂದಿನ ಮಂಗಳವಾರ. ಕಾಲೇಜಿನವರು ಮುಂದಿನ ವರ್ಷ ಬಾ ಎಂದರು. ಎರಡು ಸೀಟಿನಲ್ಲಿ ಒಂದಕ್ಕೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲವಂತೆ.

ಅಪ್ಪ ಡಿಸ್ಚಾರ್ಜ್ ಬುಕ್ ತಂದು ನನ್ನ ಮುಂದೆ ತೆರೆದಿಟ್ಟರು. ಅಣ್ಣನ ಹೆಸರಿನ ಕೆಳಗೆ ನನ್ನದು, ಹೊಸ ಶಾಯಿಯಲ್ಲಿ. ನಾನೇನಾದರೂ ಹೇಳುವೆನೆಂದು ಕಾದರು. ನಾನು ನನ್ನ ನೋಟ್‌ಬುಕ್ ತೆರೆದು ಅವರತ್ತ ತಿರುಗಿಸಿದೆ. ಅದರಲ್ಲಿ ಒಂದೇ ಸಾಲು: ಅಪ್ಪ ತಡ ಮಾಡಿದ್ದು ಏಳು ದಿನ, ಸೀಟು ತಪ್ಪಿದ್ದು ನಾಲ್ಕು ದಿನದಿಂದ.

"ಇದರ ಕೆಳಗ ಸಹಿ ಮಾಡ್ರಿ," ಎಂದೆ.

ಅವರು ಎರಡು ಸಲ ಓದಿದರು. ತಪ್ಪು ಹುಡುಕುತ್ತಿದ್ದರೇನೋ, ಲೆಕ್ಕ ಸರಿಯಾಗಿತ್ತು. ಜೇಬಿನಿಂದ ಪೆನ್ನು ತೆಗೆದು, ಸೈನ್ಯದ ರೂಢಿಯಂತೆ ಮೊದಲು ತಮ್ಮ ನಂಬರು, ಆಮೇಲೆ ಹುದ್ದೆ, ಆಮೇಲೆ ಹೆಸರು ಬರೆದು ಸಹಿ ಹಾಕಿದರು.