ಮಡ್ಡಿ ಹೊಲದ ಉತಾರ

ದೋಸ್ತರಾ, ಇವತ್ತ ನಾ ಬಾಯಿ ಮುಚ್ಕೊಂಡು ಕುಂತಿದ್ರ ಛಲೋ ಇತ್ತು.

ದುಂಡಸಿ ಕಡೆ ದೊಡ್ಡ ಸೋಲಾರ್ ಪ್ಲಾಂಟ್ ಬರಾಕತ್ತೈತಿ. ಕಂಪನಿಗೆ ಸಾಲ ಕೊಡೋ ಬ್ಯಾಂಕಿನ ಪರವಾಗಿ, ಲೀಸಿಗೆ ಬರೋ ಹೊಲದ ಕಾಗದಪತ್ರ ನೋಡಿ ಅಭಿಪ್ರಾಯ ಬರೆದುಕೊಡೋ ವಕೀಲ ನಾನು. ಮುಂಜಾನೆ ಹನ್ನೊಂದರ ಸುಮಾರಿಗೆ ಬಸಪ್ಪಜ್ಜ, ಅವರ ತಮ್ಮ ಚನ್ನಪ್ಪಜ್ಜ ಇಬ್ರೂ ಒಂದ ಮೊಪೆಡ್ ಮ್ಯಾಲ ಶಿಗ್ಗಾವಿಗೆ ನನ್ನ ಆಫೀಸಿಗೆ ಬಂದ್ರು. ಲೀಸಿಗೆ ಕೊಡೋದು ತಮ್ಮನ ಮಡ್ಡಿ ಹೊಲ, ನೀರಿಲ್ಲದ ಕಲ್ಲುಭೂಮಿ.

ಹೊಲದ ಉತಾರ, ಅಂದ್ರ ಪಹಣಿ, ತಗದು ನೋಡಿದೆ. ಮಡ್ಡಿ ಹೊಲ ಅಣ್ಣನ ಹೆಸರಿನಾಗೈತಿ. ಅಣ್ಣ ಉಳೋ ಬಾವಿ ಹೊಲ ತಮ್ಮನ ಹೆಸರಿನಾಗೈತಿ.

“ಎಂಬತ್ತನೇ ಇಸ್ವಿ ಸುಮಾರಿಗೆ ಅದಲು ಬದಲು ಮಾಡ್ಕೊಂಡೇವ್ರಿ. ಅಣ್ಣಗ ಮನಿ ಹತ್ರ ಆಗಲಿ ಅಂತ,” ಅಂದ್ರು ಚನ್ನಪ್ಪಜ್ಜ, ನಕ್ಕೋತ.

“ಕಾಗದ ಮಾಡೀರೇನ್ರಿ?”

“ಅಣ್ಣತಮ್ಮಗ ಎಂಥಾ ಕಾಗದರಿ?”

ಹಂಗ ಸಹಿ ಮಾಡಿದ್ರ ನಾಳೆ ನನ್ನ ಕುತ್ತಿಗಿಗೆ ಬರತೈತಿ. ಅದಕ್ಕ, ರಿಜಿಸ್ಟರ್ ಆಗದ ಅದಲು ಬದಲು ನಡಿಯಂಗಿಲ್ಲ, ಕಾಗದದ ಪ್ರಕಾರ ಹೆಸರು ಯಾರದೈತೋ ಹೊಲ ಅವರದ ಅಂತ ಬಿಡಿಸಿ ಹೇಳಿದೆ. ಆಮ್ಯಾಲ ಚನ್ನಪ್ಪಜ್ಜ ಮೆಲ್ಲಕ ಕೇಳಿದ್ರು, “ಹಂಗಾರ ಬಾವಿ ನಂದೇನ್ರಿ?”

ಬಸಪ್ಪಜ್ಜ ಟವೆಲ್ ಹೆಗಲಿಗೆ ಹಾಕ್ಕೊಂಡು ಎದ್ರು. ಚನ್ನಪ್ಪಜ್ಜ ಮೊಪೆಡ್ ಚಾಲೂ ಮಾಡಿ ಕಾಯ್ಕೋತ ನಿಂತಿದ್ರೂ ಅಣ್ಣ ಹತ್ತಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ನಡಕೋತ ಹೋದ್ರು.

ಸಂಜಿಮುಂದ ಬ್ಯಾಂಕಿನಿಂದ ಫೋನ್ ಬಂತು. “ಆ ಹೊಲದ್ದು ಏನರ ತಕರಾರು ಐತೇನ್ರಿ?”

“ಹನ್ನೊಂದು ಗಂಟೆತನಕ ಇರಲಿಲ್ರಿ,” ಅಂದೆ.