ಕಾರಲಪ್ಪನಿಗೆ ಎಡೆ

ದಿನಚರಿಯಲ್ಲಿ ಗೆರೆ ಹೊಡೆಯಲು ನಾನು ಬಳಸುವುದು ಒಂದು ಹಳೆಯ ಮಡಚುವ ಅಳತೆಪಟ್ಟಿ. ಕಟ್ಟಿಗೆಯದು, ಆರು ಮಡಿಕೆ, ಕಬ್ಬಿಣದ ಕೀಲು. ಇವತ್ತು ಮಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಮೂಡಲಗಿಯ ಆಯಿಯ ಮನೆಯಿಂದ ಸಂಜೆ ಗೋಕಾಕಕ್ಕೆ ಬಂದು ಪಟ್ಟಿ ಬಿಚ್ಚಿದೆ. ಬೆರಳಿಗೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಹತ್ತಿತು. ಕೀಲಿಗೆ ಆ ಎಣ್ಣೆ ಬಿಟ್ಟವಳು ನಾನೇ. ಬಿಡಬಾರದಿತ್ತೇನೋ ಎಂದು ಒಂದು ತಿಂಗಳು ಅಂದುಕೊಂಡಿದ್ದೇನೆ.

ನನಗೆ ಎಣಿಸುವ ಚಟ. ಬಸ್ಸು ಎಷ್ಟಕ್ಕೆ ಬಂತು, ಮಳೆ ಎಷ್ಟು ಹೊತ್ತು ಬಿತ್ತು, ಮನೆಗೆ ಎಷ್ಟು ಮಂದಿ ಬಂದರು, ಎಲ್ಲಕ್ಕೂ ಒಂದೊಂದು ಅಂಕಣ. ಅವ್ವ ನನ್ನನ್ನು ಊರಿನ ಲೆಕ್ಕ ಬರೆಯುವ ‘ತಲಾಟಿ’ ಎಂದು ಹಂಗಿಸುತ್ತಾಳೆ. ನಿಮಗೂ ಇಂಥದ್ದೊಂದು ಚಟವಿದ್ದರೆ ನಗಬೇಡಿ. ಅದು ಒಮ್ಮೊಮ್ಮೆ ಎಲ್ಲಿಗೋ ಕರೆದೊಯ್ಯುತ್ತದೆ. ಆಯಿ ಎಂದರೆ ನನ್ನ ಅವ್ವನ ಅವ್ವ. ಅವಳ ಮನೆಯಲ್ಲಿ ಪ್ರತಿ ವರ್ಷ ಈ ಅಮಾವಾಸ್ಯೆಗೆ ಎಡೆ ಏಳು. ಮೂರು ವರ್ಷದ ಹಿಂದೆ ವಂಶವೃಕ್ಷ ಬರೆಯಲು ಕೂತಾಗ ಹೆಸರುಗಳು ಎಂಟಾದವು. ತವರಿನ ಗುರವ್ವನಿಗೂ ಆಯಿ ತನ್ನ ಮನೆಯಲ್ಲೇ ಎಡೆ ಇಡುತ್ತಾಳೆ. ಆಯಿಯನ್ನು ಸಾಕಿದ ಅಜ್ಜಿ ಆಕೆ. ಆದರೆ ಗುರವ್ವನ ಗಂಡನಿಗೆ ಎಡೆ ಇರಲಿಲ್ಲ.

“ಯಾಕ ಇಲ್ಲ, ಆಯಿ?”

“ಸತ್ತ ಸುದ್ದಿ ಬಂದಿಲ್ಲವ್ವಾ.”

“ನೂರು ವರ್ಷದ ಮ್ಯಾಲಾತು!”

“ಆಗ್ಲಿ. ಸುದ್ದಿ ಬಂದಿಲ್ಲಲ್ಲ.”

ಅವನು ಜರ್ಮನಿಯವನು. ಗೋಕಾಕ ಫಾಲ್ಸಿನ ಗಿರಣಿಗೆ ಯಂತ್ರ ಜೋಡಿಸಲು ಬಂದ ಫಿಟ್ಟರ್. ಹೆಸರು ಕಾರ್ಲ್, ಮಂದಿಯ ಬಾಯಲ್ಲಿ ಕಾರಲಪ್ಪ. ಗುರವ್ವ ಅಲ್ಲೇ ನೂಲು ತೆಗೆಯುತ್ತಿದ್ದಳು. ನಾಲ್ಕು ಮಂದಿಯ ಎದುರು ತಾಳಿ ಕಟ್ಟಿದ. ಮಗಳು ತೊಟ್ಟಿಲಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು, ಮತ್ತು ಒಂದು ಸಂಜೆ ಕಾರಲಪ್ಪ ಮನೆಗೆ ಬರಲಿಲ್ಲ. ಓಡಿಹೋದ ಎಂದಿತು ಊರು. ಸರ್ಕಾರದವರು ಒಯ್ದರು ಎಂದಳು ಗುರವ್ವ. ಮುಂದೆ ನಲವತ್ತು ವರ್ಷ ಕುಂಕುಮ ಇಟ್ಟುಕೊಂಡೇ ಬದುಕಿದಳು. ಸಾಯುವಾಗ ಹೇಳಿದ್ದು ಒಂದೇ ಮಾತು: “ಸುದ್ದಿ ಬರೋತನಕ ಅವರಿಗೆ ಎಡಿ ಇಡಬ್ಯಾಡ್ರಿ.”

ಆಯಿಗೆ ಅವನ ಬೆಕ್ಕಿನ ಕಣ್ಣು ಬಂದಿದೆ. ಶಾಲೆಯಲ್ಲಿ ಹುಡುಗಿಯರು ಅವಳನ್ನು ‘ಓಡಿಹೋದಾವನ ಮೊಮ್ಮಗಳು’ ಎಂದು ಕರೆಯುತ್ತಿದ್ದರಂತೆ. ಎಂಬತ್ತು ದಾಟಿದರೂ ಆ ಮುಳ್ಳು ಕಿತ್ತುಬಂದಿಲ್ಲ. “ನಾ ಹೋಗೂದರಾಗ ಒಂದು ಮಾತು ಹುಡುಕಿಕೊಡು. ಓಡಿಹೋದನೋ, ಒಯ್ದರೋ?” ಎಂದಳು.

ಹುಡುಕಿದೆ. ಫಾಲ್ಸಿನ ಹತ್ತಿರದ ಹಳೆಯ ಗೋರಿಗಳ ಕಲ್ಲುಗಳನ್ನು ಎಣಿಸಿದೆ. ಕಚೇರಿಗಳಿಗೆ ಬರೆದೆ. ಪತ್ರ ಹದಿನೇಳು, ಉತ್ತರ ನಾಲ್ಕು, ಕಾರ್ಲ್ ಸೊನ್ನೆ. ಅಡ್ಡಹೆಸರು ಗೊತ್ತಿಲ್ಲದೆ ಜರ್ಮನಿಯಲ್ಲಿ ಕಾರ್ಲ್‌ನನ್ನು ಹುಡುಕುವುದೆಂದರೆ ನಮ್ಮಲ್ಲಿ ಬರೀ ಬಸಪ್ಪನನ್ನು ಹುಡುಕಿದಂತೆ ಎಂಬ ಬುದ್ಧಿ ನನಗೆ ಬಂದದ್ದು ಹದಿನೇಳನೆಯ ಪತ್ರದ ನಂತರ.

ಬಸಪ್ಪ ಎಂದಾಗ ನೆನಪಾಯಿತು, ಆಯಿಯ ತಮ್ಮನ ಹೆಸರೂ ಅದೇ. ಹುಕ್ಕೇರಿಯಲ್ಲಿದ್ದಾನೆ. ಹೋದ ಕೂಡಲೇ, “ಬಾರವಾ ತಲಾಟಿ. ನನ್ನ ಹಲ್ಲು ಐದು ಉಳದಾವ, ಬರಕೋ” ಎಂದ. ಕಾರಲಪ್ಪನದು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಅಟ್ಟದಿಂದ ಈ ಅಳತೆಪಟ್ಟಿ ತಂದುಕೊಟ್ಟ. “ಕಡೀ ಮಡಿಕಿ ಬಿಚ್ಚಂಗಿಲ್ಲ ನೋಡು, ಹಿಡದೈತಿ. ನಮ್ಮವ್ವನ ಕಾಲದಿಂದಾನೂ ಹಿಂಗs.”

ಮನೆಗೆ ತಂದು ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಮೂರನೆಯ ದಿನ ಬಿಚ್ಚಿತು. ಒಳಮೈಯಲ್ಲಿ ಚಾಕುವಿನಿಂದ ಕೆತ್ತಿದ ಅಕ್ಷರ: ಅವನ ಪೂರ್ತಿ ಹೆಸರು, ಅವನ ಊರು. ಗುರವ್ವ ಜೀವಮಾನವೆಲ್ಲ ಕಾದ ವಿಳಾಸ ಅವಳ ಮನೆಯಲ್ಲೇ ಮಡಚಿಕೊಂಡು ಕೂತಿತ್ತು.

ಆ ಊರಿನ ಚರ್ಚಿಗೆ ಬರೆದೆ. ಹಳೆಯ ದಾಖಲೆ ನೋಡಿಕೊಳ್ಳುವ ಹೆಂಗಸೊಬ್ಬಳ ಉತ್ತರ ಕಳೆದ ತಿಂಗಳು ಬಂತು. ಯುದ್ಧಕಾಲದಲ್ಲಿ ಇಲ್ಲಿಯ ಬ್ರಿಟಿಷ್ ಸರ್ಕಾರ ಶತ್ರುದೇಶದವನೆಂದು ಅವನನ್ನು ಹಿಡಿದು ಸೆರೆಯಲ್ಲಿಟ್ಟಿತ್ತು. ಯುದ್ಧ ಮುಗಿದ ಮೇಲೆ ಊರಿಗೆ ಕಳಿಸಿತು. ಮರುವರ್ಷ ಅವನು ಮದುವೆಯಾದ. ಮೂರು ಮಕ್ಕಳು. ಅಲ್ಲೇ ಮಣ್ಣಾದ. ಮದುವೆಯ ದಾಖಲೆಯಲ್ಲಿ ವರನ ಹೆಸರಿನ ಮುಂದೆ ಒಂದು ಮಾತಿದೆ: ವಿಧುರ.

ಆ ವರ್ಷ ಗುರವ್ವ ಗಿರಣಿಯ ಪಾಳಿಗೆ ಹೋಗುತ್ತಿದ್ದಳು. ಅವಳು ಸತ್ತಳೆಂದು ಯಾರಾದರೂ ಅವನಿಗೆ ಹೇಳಿದರೋ, ಹಾಗೆ ಬರೆಸುವುದು ಅವನಿಗೆ ಸುಲಭವಾಯಿತೋ, ನನ್ನ ಯಾವ ಅಂಕಣಕ್ಕೂ ಅದು ಸಿಗುವುದಿಲ್ಲ.

ಅರ್ಧ ಮಾತ್ರ ಹೇಳಬೇಕೆಂದು ಇವತ್ತು ಮೂಡಲಗಿಯವರೆಗೆ ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಆಯಿ ಕಡುಬು ತುಂಬುತ್ತಿದ್ದಳು.

“ಓಡಿಹೋಗಿಲ್ಲ, ಆಯಿ. ಹಿಡದು ಒಯ್ದಾರ.”

ಅವಳ ಕೈ ನಿಂತಿತು. “ಖರೆ?”

“ಖರೆ. ಕಾಗದ ಬಂದೈತಿ.”

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡಿ, “ಮತ್ತ? ನೀ ಅರ್ಧಾ ಬರಿಯಾಕಿ ಅಲ್ಲ. ಪೂರಾ ಹೇಳು” ಎಂದಳು.

ಪೂರ್ತಿ ಹೇಳಿದೆ. ಅವಳು ಮತ್ತೆ ಕಡುಬು ತುಂಬತೊಡಗಿದಳು. ಒಂದು, ಎರಡು, ಐದು. ನಾನು ಎಣಿಸುತ್ತಿದ್ದೆ, ಬೇರೇನೂ ಮಾಡಲು ತೋಚದೆ.

“ಅಂವಾ ಅಕೀನ್ನ ಸತ್ತಾಕಿ ಅಂತ ಬರಸಿದ,” ಎಂದಳು ಕೊನೆಗೆ. “ಅಕಿ ಅಂವನ್ನ ಸಾಯಾಕ ಬಿಡಲಿಲ್ಲ.”

“ಈಗ ಸುದ್ದಿ ಬಂತಲ್ಲ. ಎಂಟನೇ ಎಡಿ ಇಡೂಣೇನು?”

“ಗುರವ್ವನ ಬಾಜೂ ಕುಂಡ್ರಸಂಗಿಲ್ಲ.”

ಒಳಗೆ ಏಳು ಎಡೆ ಇಟ್ಟಳು, ಊದಿನಕಡ್ಡಿ ಹಚ್ಚಿದಳು, ನಮಸ್ಕರಿಸಿದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಯಿ ಇನ್ನೊಂದು ಎಲೆ ತೊಳೆದಳು. ಕಡುಬು, ಪಲ್ಯ, ಅನ್ನ, ಮೇಲೆ ತುಪ್ಪ, ಯಾವುದನ್ನೂ ಬಿಡದೆ ಬಡಿಸಿ, ಹೊರಗಿನ ಪಡಸಾಲೆಯಲ್ಲಿ ಬಾಗಿಲ ಹತ್ತಿರ ಇಟ್ಟಳು. ಕೂರಲು ಮಣೆ ಹಾಕಿದಳು. ಕೈ ತೊಳೆಯಲು ತಂಬಿಗೆಯಲ್ಲಿ ನೀರಿಟ್ಟಳು.

“ದೂರದಿಂದ ಬಂದಾನ. ಉಂಡು ಹೋಗ್ಲಿ.”

ಈಗ ಅಳತೆಪಟ್ಟಿಯನ್ನು ಕೊನೆಯ ಮಡಿಕೆಯವರೆಗೆ ಬಿಚ್ಚಿ, ಪುಟದುದ್ದಕ್ಕೆ ಒಂದು ಗೆರೆ ಹೊಡೆದು ಬರೆದಿದ್ದೇನೆ. ಎಡೆ: ಏಳು. ಮನೆಗೆ ಬಂದವರು: ಒಬ್ಬ.