ಮೂಕಿ ಚಿತ್ರಕ್ಕೆ ಮಾತಾದವರು

ಮಾತು ಶುರುವಾಗುವ ಮೊದಲೇ ಅವರ ಗಂಟಲಮಣಿ ಒಮ್ಮೆ ಮೇಲೆ ಹತ್ತಿ ಇಳಿಯುತ್ತಿತ್ತು. ಉದ್ದನೆಯ ಬಡಕಲು ಕತ್ತು, ಕೈಯಲ್ಲೊಂದು ಬಿದಿರು ಕಡ್ಡಿ, ಅರ್ಧ ಮುಖಕ್ಕೆ ಪರದೆಯ ಬೆಳಕು. ಆ ಕತ್ತಿನಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತಿತ್ತೋ ದೇವರೇ ಬಲ್ಲ. ಹುಣಸೂರಿನ ಸಂತೆಮಾಳದಲ್ಲಿ ಸಿನಿಮಾ ಟೆಂಟು ಹಾಕಿದರೆ ಕಡೇ ಸಾಲಿನ ಕಿವುಡಜ್ಜಿಗೂ ಕೇಳುತ್ತಿತ್ತು.

ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ನಡುನಡುವೆ ಇಂಗ್ಲಿಷಿನಲ್ಲಿ ಬರಹ ಬರುತ್ತಿತ್ತು. ನಮ್ಮೂರಲ್ಲಿ ಅದನ್ನು ಓದುವವರು ಯಾರು? ಪರದೆ ಪಕ್ಕ ನಿಂತು ನಮ್ಮ ಮಾತಿನಲ್ಲಿ ಕಥೆ ಹೇಳುವುದು ಇವರ ಕೆಲಸ. ಊರೆಲ್ಲ ಕಥೆಯಣ್ಣ ಎನ್ನುತ್ತಿತ್ತು. ನಾನು ಅವರ ಕಾಲ ಬಳಿ ಕೂತು ಹಾರ್ಮೋನಿಯಂ ಬಾರಿಸುವವನು. ಲೋಯರ್ ಸೆಕೆಂಡರಿ ಪಾಸಾಗಿ, ಮದುವೆಯೂ ಆಗಿ, ಸ್ಕೂಲು ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಕಾದಿದ್ದೆ. ಕೆಲಸ ಸಿಗುವ ಮೊದಲೇ ಅವರು ನನ್ನನ್ನು ‘ಮೇಷ್ಟ್ರೇ’ ಎಂದು ಕರೆದು ರೇಗಿಸುತ್ತಿದ್ದರು.

ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ ಒಂದಿತ್ತು. ಕಥೆಯಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷಿರಲಿ, ಕನ್ನಡವೂ ಇಲ್ಲ. ಹೊಸ ಚಿತ್ರ ಬಂದ ದಿನ ಮಧ್ಯಾಹ್ನ ಟೆಂಟಿನ ಹಿಂದೆ ರೀಲನ್ನು ಬಿಸಿಲಿಗೆ ಹಿಡಿದು, ಆ ಬರಹಗಳನ್ನು ನಾನು ಓದಿ ಅರ್ಥ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಸಲ ಹೇಳಿದರೆ ಸಾಕು, ಎರಡನೇ ಸಲ ಕೇಳಿದ್ದೇ ಇಲ್ಲ.

ಒಂದು ವರ್ಷ ಜನರ ಕಷ್ಟ ವಿಚಾರಿಸಲೆಂದು ಒಬ್ಬ ದೊಡ್ಡ ಅಧಿಕಾರಿ ನಮ್ಮ ಕಡೆ ಮೊಕ್ಕಾಂ ಬಂದರು. ಹಳ್ಳಿಹಳ್ಳಿಯಿಂದ ಕೋಳಿ, ಬೆಣ್ಣೆ ತರಿಸಿಕೊಂಡು ಬಂಗಲೆಯಲ್ಲಿ ಉಂಡದ್ದೇ ಉಂಡದ್ದು. ಅರ್ಜಿ ಹಿಡಿದು ಹೊರಗೆ ನಿಂತವರು ನಿಂತೇ ಇದ್ದರು. ಅದೇ ವಾರ ನಮ್ಮ ಟೆಂಟಿಗೆ ಎಲ್ಲೋ ಪರದೇಶದ ನಗೆಚಿತ್ರವೊಂದು ಬಂತು. ಅದರಲ್ಲೂ ಒಬ್ಬ ಡೊಳ್ಳುಹೊಟ್ಟೆಯ ದೊರೆಮಗ ಮೇಜಿನ ಮುಂದೆ ಕೂತು ತಿನ್ನುತ್ತಾನೆ, ಎದುರಿಗೆ ಬರಿ ಬಟ್ಟಲು ಹಿಡಿದ ಜನ. ಮಧ್ಯಾಹ್ನ ಅದರ ಮುಂದಿನ ಬರಹವನ್ನು ಓದಿ ಹೇಳಿದೆ: ‘ಇವರು ಜನರ ಹಸಿವು ಕೇಳಲು ಬಂದಿದ್ದಾರೆ. ಮೊದಲು ಇವರ ಊಟ ಮುಗಿಯಲಿ.’

ಕಥೆಯಣ್ಣ ಕಣ್ಣು ಬಿಟ್ಟರು. “ಇಂಗೇ ಬರ್ದವ್ರಾ ಮೇಷ್ಟ್ರೇ?”

ಹೌದಣ್ಣ ಎಂದೆ.

“ಅಂಗಾರೆ ಇದ್ದಂಗೇ ಯೋಳ್ತೀನಿ ಬುಡಿ.”

ರಾತ್ರಿ ಆಟದಲ್ಲಿ ಇದ್ದ ಹಾಗೇ ಹೇಳಿದರು. ಬಿತ್ತು ನೋಡಿ ನಗು! ಕುರ್ಚಿಯಲ್ಲಿದ್ದ ಇಬ್ಬರು ಸಾಹುಕಾರರು ಶಲ್ಯ ಕೊಡವಿಕೊಂಡು ಎದ್ದು ಹೋದರು, ಚಾಪೆಯ ಮೇಲಿನ ಜನ ತೊಡೆ ತಟ್ಟಿಕೊಂಡು ನಕ್ಕರು. ಮರುದಿನ ಕಟ್ಟೆಮಳಲವಾಡಿಯವರೆಗೂ ಅದೇ ಮಾತು. ಏನು ಕೇಳಿದರೂ ‘ಮೊದಲು ಊಟ ಮುಗೀಲಿ ಸ್ವಾಮಿ’ ಅನ್ನುವುದು. ಬಂಗಲೆಯ ಜವಾನನಿಗೇ ಯಾರೋ ಹಾಗೆಂದರಂತೆ.

ಮೂರನೇ ದಿನ ಬಂಗಲೆಯಿಂದ ನಮಗೆ ಕರೆ ಬಂತು. ಅಷ್ಟರಲ್ಲಿ ರೀಲು ಬೇರೆ ಊರಿಗೆ ಹೋಗಿತ್ತು. ನಕ್ಕವರಲ್ಲೂ ಕೆಲವರನ್ನು ಹಿಡಿದು ತಂದಿದ್ದರು. ನಾವು ನಗಲಿಲ್ಲ ಬುದ್ಧಿ, ಬೀಡಿ ಹೊಗೆಗೆ ಕೆಮ್ಮಿದ್ದು ಎಂದರು ಪುಣ್ಯಾತ್ಮರು. ಆ ಮಾತು ಚಿತ್ರದಲ್ಲಿತ್ತೋ, ನೀನೇ ಸೇರಿಸಿದ್ದೋ ಎಂದು ಅಧಿಕಾರಿ ಕಥೆಯಣ್ಣನನ್ನು ಕೇಳಿದರು. ಉತ್ತರಕ್ಕೂ ಕಾಯದೆ ನನ್ನ ಕಡೆ ತಿರುಗಿದರು. “ನೀನು ಇಂಗ್ಲಿಷ್ ಓದಿದವನಂತೆ. ಹಾಗೆ ಬರೆದಿತ್ತೇನು?”

ಹೌದು ಅನ್ನಬೇಕಾಗಿತ್ತು, ಅಷ್ಟೇ. ಆದರೆ ನನ್ನ ಅರ್ಜಿಯೂ ಇಂಥವರ ಮೇಜನ್ನೇ ದಾಟಿ ಬರಬೇಕಿತ್ತು. ಕಣ್ಣು ನೆಲಕ್ಕಿಳಿಸಿದೆ. ಕಥೆಯಣ್ಣ ನನ್ನ ಮುಖವನ್ನೇ ನೋಡಿದರು. ನೋಡಿ, ತಾವೇ ಒಂದು ಹೆಜ್ಜೆ ಮುಂದೆ ಬಂದರು.

“ಅವ್ರನ್ಯಾಕೆ ಕೇಳೀರಿ ಬುದ್ಧಿ, ಅವ್ರು ಪೆಟ್ಟಿಗೆ ಬಾರ್ಸೋರು. ಬರ್ದೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನಾನೇ ಕಟ್ಟಿ ಯೋಳ್ದೆ.”

ಹೌದೇನೋ ಎಂದು ಅಧಿಕಾರಿ ನನ್ನನ್ನು ಕೇಳಿದರು. ನಾನು ಹೌದೆಂದು ತಲೆ ಆಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಸುತ್ತಮುತ್ತ ಯಾವ ಟೆಂಟಿನಲ್ಲೂ ಕಥೆಯಣ್ಣ ಬಾಯಿ ಬಿಡಕೂಡದೆಂದು ಅಪ್ಪಣೆಯಾಯಿತು. ಆಮೇಲೆ ಚಿತ್ರಗಳು ನನ್ನ ಹಾರ್ಮೋನಿಯಂ ಒಂದರಲ್ಲೇ ಓಡಿದವು. ಜನ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತು ಎದ್ದು ಹೋಗುತ್ತಿದ್ದರು, ಅವರನ್ನು ಕರೆಸಿ ಎಂದು ಒಬ್ಬನೂ ಕೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕವರೇ, ಅವರು ಎದುರು ಬಂದರೆ, ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ನಾನೂ ಹೋಗಿದ್ದೇನೆ. ತಿಂಗಳೊಪ್ಪತ್ತಿನಲ್ಲಿ ಅವರು ಕಾಕನಕೋಟೆ ಕಾಡಿಗೆ ಮರ ಸಾಗಿಸುವ ಕೆಲಸಕ್ಕೆ ಹೊರಟುಹೋದರು. ನನಗೆ ಕಂಪಲಾಪುರದ ಸ್ಕೂಲಿಗೆ ಆರ್ಡರು ಬಂತು.

ವರ್ಷಗಳಾದ ಮೇಲೆ ಒಮ್ಮೆ ಕಾಡಂಚಿನ ಅಂತರಸಂತೆಯಲ್ಲಿ ಸಿಕ್ಕರು. ಗಾಡಿಯ ನೊಗಕ್ಕೆ ಒರಗಿ ಒಬ್ಬರೇ ಕೂತಿದ್ದರು. ಕಾಡಲ್ಲಿ ಮಾತಾಡಲು ಯಾರಿದ್ದಾರೆ, ಆನೆಗಳ ಜೊತೆ ಒಂದೆರಡು ಮಾತು, ಅಷ್ಟೇ ಎಂದರು. ಆ ದನಿ ಎಲ್ಲಿ ಹೋಗಿತ್ತೋ, ಪಕ್ಕದಲ್ಲಿ ಕೂತ ನನಗೇ ಸರಿಯಾಗಿ ಕೇಳಲಿಲ್ಲ. ಅವತ್ತು ತಪ್ಪಾಯಿತಣ್ಣ ಎಂದು ಬಾಯಿ ತೆರೆದೆ. ಅವರು ಮುಗಿಸಗೊಡಲಿಲ್ಲ.

“ಬುಡಿ ಮೇಷ್ಟ್ರೇ. ನಂಗೆ ಓದಿ ಯೋಳ್ದೋರು ನೀವೊಬ್ರೇ ಕಣ್ರೀ.”

ಮರುವರ್ಷ ಕಾಡಿನ ಚಳಿಜ್ವರಕ್ಕೆ ಹೋದರಂತೆ. ಮಣ್ಣಿಗೆ ಎಷ್ಟು ಜನ ಬಂದಿದ್ದರು ಎಂದು ಸುದ್ದಿ ತಂದ ಗಾಡಿಯವನನ್ನು ಕೇಳಿದೆ. ಇಬ್ಬರು ಮಾವುತರು ಎಂದ.

ಈಗ ನನಗೆ ಪಿಂಚಣಿ ಬರುತ್ತಿದೆ. ಇಷ್ಟು ವರ್ಷ ಮಕ್ಕಳಿಗೆ ಓದು ಹೇಳಿಕೊಟ್ಟೆ, ಸುಳ್ಳು ಹೇಳಬೇಡಿ ಎಂದೂ ಹೇಳಿಕೊಟ್ಟೆ. ಆ ಮಾತು ಚಿತ್ರದಲ್ಲಿ ಬರೆದೇ ಇತ್ತು, ಓದಿ ಹೇಳಿದವನು ನಾನು. ಇದನ್ನು ಹೆಂಡತಿಗೂ ಹೇಳಿದವನಲ್ಲ. ಇವತ್ತು ಹೇಳಿದ್ದೇನೆ. ಆ ಅಧಿಕಾರಿ ಇಲ್ಲ, ಅವತ್ತು ನಕ್ಕವರಿಲ್ಲ, ಕಥೆಯಣ್ಣನೂ ಇಲ್ಲ.